ಎರಡು ಜಡೆ ಕಾಲದ ಅಳತೆ

ಜೀನಿನ ಅಂಗಡಿಯಲ್ಲಿ ಕೆಲಸ ಎಂದ ತಕ್ಷಣ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಕುದುರೆ ಸವಾರಿ ಬರುತ್ತದೆ ಎನ್ನಿ ಎನ್ನುತ್ತಾರೆ. ಬರುವುದಿಲ್ಲ. ಜೀನು ಹಾಕಿ ನೋಡಲು ಅಂಗಡಿಯಲ್ಲಿ ಒಂದು ಮರದ ಕುದುರೆ ಇದೆ. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಪೀಪಾಯಿ, ಅಷ್ಟೆ. ಅದರ ಮೇಲಿಂದಲೇ ಬಿದ್ದವನು ನಾನು. ಅದೇನೂ ಅಲ್ಲಾಡಿರಲಿಲ್ಲ. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು, ಸ್ವಲ್ಪ ಮುಂಚಿತವಾಗಿ.

ಓದಿದ್ದು ವಾಣಿಜ್ಯ. ಮಾಡುವುದು ಜೀನಿನ ಅಡಿಯ ದಿಂಬುಗಳಿಗೆ ಉಣ್ಣೆ ತುಂಬುವ ಕೆಲಸ. ಕುದುರೆಯ ಬೆನ್ನಿಗೂ ಸವಾರನ ತೂಕಕ್ಕೂ ನಡುವೆ ಇರುವುದು ಈ ದಿಂಬು. ಅದಕ್ಕೆ ಕಬ್ಬಿಣದ ಕಡ್ಡಿಯಿಂದ ಚೂರು ಚೂರೇ ಉಣ್ಣೆ ನೂಕಬೇಕು, ಎಲ್ಲೂ ಗಂಟು ಬೀಳಬಾರದು. ಸಂಜೆ ಮನೆಗೆ ಹೋದರೆ ಅಮ್ಮ ನನ್ನನ್ನು ಹೊಸಿಲಲ್ಲೇ ನಿಲ್ಲಿಸಿ, ಕಂಬಳಿ ಕೊಡವಿದ ಹಾಗೆ ಕೊಡವಿ ಒಳಗೆ ಬಿಡುತ್ತಾಳೆ. ಹೀಗಾಗಿ ಲಾಯದಲ್ಲೂ ಅಂಗಡಿಯಲ್ಲೂ ನನ್ನ ಹೆಸರು ಉಣ್ಣೆ.

ಉಣ್ಣೆ ತುಂಬುವುದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿತ್ತು. ನಮ್ಮ ಯಜಮಾನರಿಗೂ ಅವರ ಅಕ್ಕನಿಗೂ ನಡುವೆ ಮಾತು ಹೊರುವುದು. ಅವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿ ವರ್ಷಗಳಾಗಿದ್ದವು. ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ನಿಂತು, ಇಬ್ಬರೂ ನನ್ನ ಮುಖ ನೋಡಿಕೊಂಡು ಬೈದಾಡುತ್ತಿದ್ದರು. ಕಿವಿ ಇಬ್ಬರದೂ ಚೆನ್ನಾಗಿಯೇ ಇತ್ತು. ಆದರೂ ನಾನು ಮತ್ತೊಮ್ಮೆ ಹೇಳಬೇಕು. ಹೇಳದಿದ್ದರೆ ಉತ್ತರ ಬರುತ್ತಿರಲಿಲ್ಲ.

ಈ ಅಕ್ಕನ ಕತೆಯನ್ನೇ ಹೇಳಹೊರಟಿರುವುದು. ಲಾಯದವರು ಅವರನ್ನು ಗೂಟದಕ್ಕ ಎನ್ನುತ್ತಾರೆ. ಕುದುರೆಯ ಮೇಲೆ ಕೂತರೆ ನೆಲಕ್ಕೆ ಹೊಡೆದ ಗೂಟದಂತೆ ಅಲುಗುವುದಿಲ್ಲ ಎಂಬ ಮೆಚ್ಚುಗೆಗೆ ಇಟ್ಟ ಹೆಸರು. ಹೇಳಿದ್ದಕ್ಕೆ ಬಗ್ಗುವುದಿಲ್ಲ ಎಂಬ ಸಿಟ್ಟಿಗೂ ಹೊಂದಿಕೊಂಡು ಉಳಿಯಿತು. ವಯಸ್ಸು ಐವತ್ತು ದಾಟಿದೆ. ಕೂದಲು ಕುತ್ತಿಗೆಯವರೆಗೆ ಕತ್ತರಿಸಿದ್ದು, ಪೂರಾ ಬೆಳ್ಳಗೆ. ಸ್ವಂತ ಕುದುರೆ ಎಂದೂ ಇರಲಿಲ್ಲ. ಜೀವನವಿಡೀ ಬೇರೆಯವರ ಕುದುರೆಗಳನ್ನು ಪಳಗಿಸಿ, ಡ್ರೆಸಾಜ್ ಕಲಿಸಿ, ಸ್ಪರ್ಧೆಯಲ್ಲಿ ತೋರಿಸಿ, ಮತ್ತೆ ಅವರ ಕೈಗೆ ಲಗಾಮು ಕೊಟ್ಟು ಬಂದವರು. ಡ್ರೆಸಾಜ್ ಎಂದರೆ ಓಟವಲ್ಲ, ಹಾರಾಟವಲ್ಲ. ಒಂದು ಉದ್ದ ಚೌಕದ ಅಂಗಳದಲ್ಲಿ ಕುದುರೆ ತಿರುಗಬೇಕು, ನಿಲ್ಲಬೇಕು, ಓರೆಯಾಗಿ ಹೆಜ್ಜೆ ಹಾಕಬೇಕು. ಸವಾರ ಏನು ಹೇಳಿದನೆಂದು ನೋಡುವವರಿಗೆ ಕಾಣಬಾರದು. ಹೇಳುವುದೆಲ್ಲ ಕೂತ ಜಾಗದಿಂದ, ತೊಡೆಯಿಂದ. ಬಾಯಿಂದ ಬರುವುದನ್ನೆಲ್ಲ ಗೂಟದಕ್ಕ ಮನುಷ್ಯರಿಗೆಂದೇ ಮೀಸಲಿಟ್ಟಿದ್ದರು.

ಅಂಗಡಿ ಅವರ ಅಪ್ಪನದು. ಮುದುಕಪ್ಪನಿಗೆ ಒಂದು ಪದ್ಧತಿ ಇತ್ತಂತೆ. ಹೊಸ ಜೀನು ಮುಗಿದ ಕೂಡಲೇ ಮಗಳನ್ನು ಮರದ ಕುದುರೆಯ ಮೇಲೆ ಹತ್ತಿಸಿ, ಕಣ್ಣು ಮುಚ್ಚಿಸಿ, ಎಲ್ಲಿ ಒತ್ತುತ್ತದೆ ಹೇಳು ಎನ್ನುತ್ತಿದ್ದರು. ಅವಳು ಹೇಳಿದ ಕಡೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಮಗ ದಬ್ಬಳ ಹಿಡಿದು ಪಕ್ಕದಲ್ಲಿ ಕೂತು ಹೊಲಿಗೆ ಕಲಿತ. ಅಕ್ಕ ಕೂತು ಕಲಿತಳು, ತಮ್ಮ ಬಗ್ಗಿ ಕಲಿತ. ಯಜಮಾನರು ಇವತ್ತಿಗೂ ಅದನ್ನು ಮರೆತಿಲ್ಲ.

ಅಪ್ಪ ಹೋದ ಮೇಲೆ ಯಜಮಾನರು ಜೀನಿನ ರೂಪ ಬದಲಿಸಿದರು. ಆಸನ ಆಳ ಮಾಡಿದರು, ಅದರೊಳಗೆ ದಪ್ಪ ಫೋಮು ಸೇರಿಸಿದರು, ತೊಡೆ ಜರುಗದಂತೆ ಮುಂದೆ ಎರಡು ಬದಿಗೂ ಕೊಬ್ಬಿದ ಆನಿಕೆಗಳನ್ನು ಕೂರಿಸಿದರು. ಗಿರಾಕಿಗಳು ಮುಗಿಬಿದ್ದರು. ಹೀಗಿರುವಾಗ ಒಂದು ದಿನ, ಅಂಗಡಿ ತುಂಬ ಜನ ಇದ್ದಾಗ, ಗೂಟದಕ್ಕ ಬಂದು ಆ ಜೀನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಜೀನಲ್ಲ, ಸೋಫಾ, ಎದುರಿಗೆ ಟಿವಿ ಒಂದು ಇಟ್ಟುಬಿಡಿ ಎಂದರಂತೆ. ಜನ ನಕ್ಕರು. ಅವತ್ತು ನಿಂತ ಮಾತು. ಯಜಮಾನರು ಆ ಜೀನಿಗೆ ಇಟ್ಟಿದ್ದ ಚೆಂದದ ಹೆಸರು ಯಾರಿಗೂ ನೆನಪಿಲ್ಲ. ಈಗ ಗಿರಾಕಿಗಳೇ ಬಂದು ಸೋಫಾ ಕೊಡಿ ಎನ್ನುತ್ತಾರೆ.

ಇಂಥ ಅಂಗಡಿಗೆ ಗೂಟದಕ್ಕ ಗಿರಾಕಿಯಾಗಿ ಕಾಲಿಡಬೇಕಾಗಿ ಬಂದದ್ದು ಗಡಿಯಾರ ಎಂಬ ಕುದುರೆಯಿಂದ. ಹೆಜ್ಜೆ ಅಷ್ಟು ಸಮ ಎಂದು ಆ ಹೆಸರು. ಒಡತಿ ಹಲ್ಲಿನ ಡಾಕ್ಟರು. ಗಡಿಯಾರವನ್ನು ಮರಿಯಿಂದ ಪಳಗಿಸಿದ್ದು ಗೂಟದಕ್ಕ. ಆದರೆ ಹಿಂದಿನ ವರ್ಷ ಬೇರೊಂದು ಕುದುರೆ ಜಾರಿ, ಗೂಟದಕ್ಕ ಬಿದ್ದು, ಬೆನ್ನಿನ ಕೊನೆಯ ಮೂಳೆ ಮುರಿದಿತ್ತು. ಮೂಳೆ ಕೂಡಿತು, ನೋವು ಕೂಡಿಕೊಂಡೇ ಉಳಿಯಿತು. ಸಾಲದ್ದಕ್ಕೆ, ಅವರ ಹಳೆಯ ಜೀನಿನ ಒಳಚೌಕಟ್ಟು ಆ ಬೀಳುವಿಕೆಯಲ್ಲೇ ಸೀಳಿತ್ತು. ಡಾಕ್ಟರಮ್ಮ ಖಡಾಖಂಡಿತ ಹೇಳಿದರು: ಹೊಸ ಜೀನು ಕೊಡಿಸುತ್ತೇನೆ, ನಿಮ್ಮ ತಮ್ಮನ ಅಂಗಡಿಯದೇ ಆಗಬೇಕು, ನನಗೆ ಬೇರೆಯವರ ಮೇಲೆ ನಂಬಿಕೆಯಿಲ್ಲ, ಬರುವ ಸ್ಪರ್ಧೆಯಲ್ಲಿ ನೀವು ಸರಿಯಾಗಿ ಕೂತರೆ ಗಡಿಯಾರ ನಿಮ್ಮದೇ ಕೈಯಲ್ಲಿ, ಇಲ್ಲದಿದ್ದರೆ ಇನ್ನೊಬ್ಬ ಸವಾರನಿಗೆ ಕೊಡುತ್ತೇನೆ.

ಬಂದರು. ಬಾಗಿಲಲ್ಲೇ ನಿಂತು ನನ್ನನ್ನು ಹುಡುಕಿದರು.

“ಉಣ್ಣೆ, ನಿಮ್ಮ ಯಜಮಾನರಿಗೆ ಹೇಳು. ನನಗೆ ಜೀನು ಬೇಕು. ಪೀಠೋಪಕರಣ ಬೇಡ.”

ಯಜಮಾನರು ಚರ್ಮ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. “ಬಂದಿರೋ ಗಿರಾಕಿಗೆ ಹೇಳಪ್ಪ, ಮುರಿದ ಮೂಳೆಗೆ ಹಲಗೆ ಮಾರೋ ಪಾಪ ನಾನು ಕಟ್ಟಿಕೊಳ್ಳಲ್ಲ.”

ನಾನು ಎರಡನ್ನೂ ಮೃದು ಮಾಡಿ ದಾಟಿಸಲು ನೋಡಿದೆ. ಇಬ್ಬರೂ ಒಟ್ಟಿಗೆ, ಹೇಳಿದ ಹಾಗೇ ಹೇಳು ಎಂದು ಗದರಿದರು. ಅಷ್ಟರ ಮಟ್ಟಿಗೆ ಅಕ್ಕತಮ್ಮಂದಿರಲ್ಲಿ ಒಮ್ಮತವಿತ್ತು.

ಮರದ ಕುದುರೆಯ ಮೇಲೆ ಮೊದಲು ಸೋಫಾ, ಆಮೇಲೆ ತೆಳು ಜೀನು ಹಾಕಿದೆ. ತೆಳು ಜೀನನ್ನು ಯಜಮಾನರು ಯಾರೋ ಹಳೆಯ ಗಿರಾಕಿಗೆಂದು ಮಾಡಿದ್ದು: ಆಸನ ಆಳವಿಲ್ಲ, ದಿಂಬು ತೆಳ್ಳಗೆ, ಆನಿಕೆ ಇದ್ದೂ ಇಲ್ಲದಂತೆ. ಗೂಟದಕ್ಕ ಎರಡರ ಮೇಲೂ ಕಣ್ಣು ಮುಚ್ಚಿ ಕೂತರು. ಎಲ್ಲಿ ಒತ್ತುತ್ತದೆ ಎಂದು ಈಗ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಳಿಯುವಾಗ ಮಾತ್ರ ಒಂದು ಕಾಲು ಗಾಳಿಯಲ್ಲಿ ನಿಂತುಬಿಟ್ಟಿತು. ಯಜಮಾನರು ಬೆನ್ನು ತಿರುಗಿಸಿದ್ದರು. ನಾನು ಕೈ ಕೊಡಹೋದೆ. ಅವರು ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು, ಬಾಯಿ ಬಿಟ್ಟರೆ ನಿನ್ನ ಉಣ್ಣೆ ನಿನ್ನ ಬಾಯಿಗೇ ತುರುಕುತ್ತೇನೆ. ನಾನು ತುರುಕುವ ಕೆಲಸದ ಕಷ್ಟ ಬಲ್ಲವನು. ಬಾಯಿ ಮುಚ್ಚಿದೆ.

ಎರಡೂ ಜೀನುಗಳನ್ನು ಹೊತ್ತು ನಾನೂ ಗೂಟದಕ್ಕನೂ ಲಾಯಕ್ಕೆ ಹೋದೆವು. ಬೇಲಿಯಾಚೆ ಡಾಕ್ಟರಮ್ಮ ಕೈಕಟ್ಟಿ ನಿಂತಿದ್ದರು. ಅಂಗಳದ ಮರಳು ಆಗಷ್ಟೇ ಎಳೆದು ಸಮ ಮಾಡಿದ್ದು, ಜೀನು ತೊಳೆಯುವ ಸಾಬೂನಿನ ಮತ್ತು ಹುಲ್ಲಿನ ವಾಸನೆ. ಮೊದಲು ಸೋಫಾ. ಗೂಟದಕ್ಕನ ಮುಖ ಸಡಿಲವಾಯಿತು, ನೋವು ಕಾಣಲಿಲ್ಲ. ಗಡಿಯಾರ ಮಾತ್ರ ಹಿಂದೆ ಬಿತ್ತು. ತಿರುಗು ಎಂದರೆ ಎರಡು ಹೆಜ್ಜೆ ಆದ ಮೇಲೆ ತಿರುಗುತ್ತಿತ್ತು, ನಿಲ್ಲು ಎಂದರೆ ಯೋಚನೆ ಮಾಡಿ ನಿಲ್ಲುತ್ತಿತ್ತು. ದಪ್ಪ ಕೋಟಿನ ಮೇಲಿಂದ ಬೆನ್ನು ಕೆರೆದುಕೊಂಡ ಹಾಗಿದೆ, ನಾನು ಇಲ್ಲಿ ಕೂಗುತ್ತಿದ್ದೇನೆ, ಅವನಿಗೆ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಿದೆ ಎಂದು ಗೂಟದಕ್ಕ ಗೊಣಗಿದರು.

ಆಮೇಲೆ ತೆಳು ಜೀನು. ಬಲಕ್ಕೆ ಹೋಗುವಾಗ ನೋಡಬೇಕಿತ್ತು. ನನ್ನಂಥ ಪೀಪಾಯಿಯ ಸವಾರನಿಗೂ ಕಂಡಿತು: ಅಕ್ಕ ಯೋಚಿಸುತ್ತಿದ್ದರು, ಕುದುರೆ ಮಾಡುತ್ತಿತ್ತು. ಎಡಕ್ಕೆ ಬಂದದ್ದೇ ಎಲ್ಲ ಕೆಟ್ಟಿತು. ಕಾಲಿಡುವ ರಿಕಾಪಿನಲ್ಲಿ ಎದ್ದೇಳದೆ ಕೂತೇ ಇರಬೇಕಾದ ಕುಕ್ಕುಲೋಟದಲ್ಲಿ, ಪ್ರತಿ ಕುಕ್ಕಿಗೂ ಅವರ ಸೊಂಟ ಬಿಗಿಯಿತು, ಬಿಗಿದಾಗಲೆಲ್ಲ ಗಡಿಯಾರ ತಲೆ ಎಸೆಯಿತು. ತೆಳು ಜೀನಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನ ಬಾಯಿಗೆ ಬೀಗ ಹಾಕಿದ್ದ ಗೂಟದಕ್ಕನಿಗೆ ಕುದುರೆಯ ಬಾಯಿಗೆ ಹಾಕಲಾಗಲಿಲ್ಲ. ಡಾಕ್ಟರಮ್ಮ ಕಟ್ಟಿದ್ದ ಕೈ ಬಿಚ್ಚಿದರು. ನಾಳೆ ಅಂಗಡಿಗೆ ನಾನೇ ಬರುತ್ತೇನೆ, ಎರಡರಲ್ಲಿ ಒಂದು ತೀರ್ಮಾನವಾಗಲಿ, ಆಗದಿದ್ದರೆ ನನ್ನ ತೀರ್ಮಾನ ಆಗಿದೆ ಎಂದುಕೊಳ್ಳಿ ಎಂದು ಹೊರಟರು.

ಸುದ್ದಿ ತಿಳಿದ ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಳೆ ಬಂದಾಗ ಇದನ್ನ ಮರೀದೆ ಹೇಳು” ಎಂದರು. ನಾನು ಮರೆಯುವುದೆಂದೇ ನಿರ್ಧರಿಸಿದೆ.

ಮರುದಿನ ಬೆಳಿಗ್ಗೆ ಎಲ್ಲರೂ ಬರುವ ಮೊದಲು ತೆಳು ಜೀನನ್ನು ಒರೆಸುತ್ತಾ ಕೂತೆ. ಅದಕ್ಕೆ ಮೇಣ ತಿಕ್ಕಿ ಹೊಳಪು ಕೊಟ್ಟಿದ್ದವನು ನಾನೇ. ಸವಾರಿಯಲ್ಲಿ ಎರಡು ಕಡೆ ಹೊಳಪು ಅಳಿಸಿ, ಹೆಬ್ಬೆರಳಿನಷ್ಟಗಲ ಮಂಕು ಕಲೆ ಬಿದ್ದಿತ್ತು. ಕೂತಾಗ ಒತ್ತಿದ ಮೂಳೆಗಳ ಗುರುತು. ಅದು ಬೀಳಬೇಕಾದ್ದೇ. ಆದರೆ ಬೀಳಬೇಕಾದ್ದು ಆಸನದ ಮೆತ್ತನೆ ಭಾಗದಲ್ಲಿ. ಬಿದ್ದದ್ದು ಎರಡೂ ಬದಿಯ ಹೊಲಿಗೆಯ ಉಬ್ಬಿದ ಏಣಿನ ಮೇಲೆ. ಎಡಗಡೆಯದು ಏಣನ್ನೂ ದಾಟಿತ್ತು. ನನಗೆ ಎದೆ ಧಸಕ್ ಎಂದಿತು, ಜ್ಞಾನೋದಯದಿಂದಲ್ಲ, ಮೇಣ ಸಮವಾಗಿ ಹಚ್ಚಿಲ್ಲ ಎಂದು ಬೈಸಿಕೊಳ್ಳುವ ಭಯದಿಂದ. ಮತ್ತೆ ಮೇಣ ತಿಕ್ಕಿ ಮುಚ್ಚಿಬಿಡೋಣ ಎಂದು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಹಿಂದಿನಿಂದ ಡಾಕ್ಟರಮ್ಮನ ದನಿ ಬಂತು. ಅದೇನು ಕಲೆ?

ಗೂಟದಕ್ಕನೂ ಜೊತೆಗಿದ್ದರು. ಯಜಮಾನರು ಒಳಗಿನಿಂದ ಬಂದರು. ಮೂವರೂ ನನ್ನ ಮೇಲೆ ಬಗ್ಗಿದರು. ನಾನು ತೊದಲುತ್ತಾ, ಕೂತ ಜಾಗ ಏಣಿನ ಮೇಲೆ ಬಂದಿದೆ ಎಂದೆ. ಗಿರಾಕಿ ಸೊಟ್ಟಗೆ ಕೂತರೆ ಹಾಗೇ ಆಗುತ್ತದೆ ಎಂದು ಯಜಮಾನರು ನನಗೆ ಹೇಳಿದರು. ಇನ್ನಷ್ಟು ಫೋಮು ಹಾಕಿದರೆ ಕಲೆ ಬೀಳುವುದಿಲ್ಲ ಎಂದೂ ಸೇರಿಸಿದರು. ಸೋಫಾದ ಎಲ್ಲ ಗಿರಾಕಿಗಳೂ ಒಂದಲ್ಲ ಒಂದು ದಿನ ಸೊಂಟ ಹಿಡಿದುಕೊಂಡು ಬಂದವರೇ. ಅವರಿಗೆಲ್ಲ ಹೀಗೇ ಮೆತ್ತೆ ಏರಿಸುತ್ತಾ ಬಂದದ್ದು.

ಡಾಕ್ಟರಮ್ಮ ಒಂದು ಮಾತು ಅಂದರು. “ಹಲ್ಲಿನ ಸೆಟ್ಟು ಒಸಡಿಗೆ ಕಚ್ಚುತ್ತೆ ಅಂತ ಬಂದರೆ ನಾನು ಅದರ ಕೆಳಗೆ ಹತ್ತಿ ಇಟ್ಟು ಕಳಿಸಲ್ಲ. ಅಚ್ಚು ಮತ್ತೆ ತೆಗೀತೀನಿ.”

ಅಚ್ಚು ಎಂಬ ಮಾತು ಬಿದ್ದದ್ದೇ ಗೂಟದಕ್ಕ ಗೋಡೆಯ ಕಡೆ ತಿರುಗಿದರು. ಅಲ್ಲಿ ಮೊಳೆಗೆ ತೂಗುಹಾಕಿದ್ದ ತಗಡಿನ ಅಚ್ಚು, ಅಂಚು ಸವೆದು ಬೆಳ್ಳಗಾದದ್ದು. ಆಸನದ ಅಗಲ ಎಷ್ಟಿರಬೇಕು ಎಂಬುದು ಅದರಲ್ಲಿದೆ. ಸೋಫಾ ಆಗಲಿ, ತೆಳು ಜೀನಾಗಲಿ, ಒಳಗಿನ ಚೌಕಟ್ಟು ಅದೇ ಅಳತೆಗೆ. ಯಜಮಾನರು ಅಪ್ಪನ ಜೀನಿನಲ್ಲಿ ಏನೇನೋ ಬದಲಿಸಿದ್ದರು, ಅದೊಂದನ್ನು ಮುಟ್ಟಿರಲಿಲ್ಲ. ಗಿರಾಕಿಗಳಿಗೆ ಅದನ್ನು ದೇವರ ಪಟದಂತೆ ತೋರಿಸುತ್ತಿದ್ದರು.

ಗೂಟದಕ್ಕ ಅದನ್ನು ಮೊಳೆಯಿಂದ ಕಿತ್ತು ತಂದು ಮೇಜಿನ ಮೇಲೆ ಎಸೆದರು. ತಗಡು ಕುಣಿದು ನಿಂತಿತು. ಆಮೇಲೆ ನನ್ನನ್ನು ಬಿಟ್ಟು, ತಮ್ಮನ ಮುಖವನ್ನೇ ನೋಡಿದರು.

“ಇದನ್ನ ಅಪ್ಪ ಕತ್ತರಿಸಿದ್ದು ಯಾರನ್ನ ಕೂರಿಸಿಕೊಂಡು?”

ಯಜಮಾನರು ನನ್ನ ಕಡೆ ನೋಡಿದರು. ನಾನು ಮೇಣದ ಡಬ್ಬಿಯ ಕಡೆ ನೋಡಿದೆ. ಬೇರೆ ದಾರಿಯಿಲ್ಲದೆ ಅವರೇ ಉತ್ತರ ಕೊಟ್ಟರು. “ನಿನ್ನನ್ನ.”

“ಆಗ ನಾನು ಹೇಗಿದ್ದೆ?”

“ಎರಡು ಜಡೆ. ಕಡ್ಡಿ ಹಾಗಿದ್ದೆ.”

“ಈಗ ನೋಡು ನನ್ನ. ಎಲ್ಲಿದೆ ಜಡೆ? ಇಷ್ಟು ವರ್ಷ ಊರವರನ್ನೆಲ್ಲ ಒಂದು ಸ್ಕೂಲ್ ಹುಡುಗಿ ಸೊಂಟದ ಅಳತೆ ಮೇಲೆ ಕೂರಿಸಿ, ನೋವು ಅಂದರೆ ದಿಂಬು ಕೊಟ್ಟು ಕಳಿಸಿದ್ದೀಯ. ಪೆದ್ದ.”

ಯಜಮಾನರ ಕಿವಿ ಕೆಂಪಾಯಿತು. ತಗಡನ್ನು ತೆಗೆದು ತೆಳು ಜೀನಿನ ಮೇಲಿಟ್ಟರು. ಎರಡು ಮಂಕು ಕಲೆಗಳೂ ಅದರ ಅಂಚಿನ ಹೊರಗೆ ಇಣುಕಿದವು. ತಗಡನ್ನು ಆಚೆ ಈಚೆ ಜರುಗಿಸಿದರು. ಒಂದನ್ನು ಮುಚ್ಚಿದರೆ ಇನ್ನೊಂದು ಇಣುಕಿತು. ಕುಣಿಯಲಾರದವಳ ಗಾದೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಸಲ ನೆಲವೇ ಡೊಂಕಾಗಿತ್ತು ಎಂಬ ತಿದ್ದುಪಡಿಯೊಂದಿಗೆ. ನುಂಗಿಕೊಂಡೆ.

ಯಜಮಾನರು ತಗಡನ್ನು ಕೆಳಗಿಟ್ಟು ಹೇಳಿದರು, “ಅಪ್ಪಂದು ತಪ್ಪಿಲ್ಲ. ಅಳತೆ ಸರಿಯಾಗೇ ಇದೆ. ಬೆಳೆದದ್ದು ನೀನು.”

“ಕ್ಷಮಿಸಪ್ಪ, ನಿನ್ನ ಕೇಳಿ ಬೆಳೀಬೇಕಿತ್ತು.”

ಇದನ್ನು ರಾಜಿ ಎಂದು ಯಾರಾದರೂ ತಿಳಿದರೆ ಅವರು ಆ ಕೋಣೆಯಲ್ಲಿ ಇರಲಿಲ್ಲ ಎಂದರ್ಥ. ಯಜಮಾನರು ದಪ್ಪ ಚರ್ಮದ ಒಂದು ತುಂಡನ್ನು ನೀರಿನಲ್ಲಿ ನೆನೆಸಿ, ಬೆಂಚಿನ ಮೇಲೆ ಹಾಸಿ, ಕೂರು ಎನ್ನುವಂತೆ ಗದ್ದ ಎತ್ತಿದರು. ಒದ್ದೆ ಚರ್ಮದ ಮೇಲೆ ಗೂಟದಕ್ಕ ಕೂತರು. ಎದ್ದಾಗ ಎರಡು ಗುಳಿ. ಆ ಗುಳಿಗಳಿಗೆ ಸರಿಯಾಗಿ ಹೊಸ ಚೌಕಟ್ಟು ಅಗಲವಾಯಿತು. ಒದ್ದೆಯಾದ ಪ್ಯಾಂಟಿನಲ್ಲೇ ಮನೆಗೆ ಹೋಗಬೇಕಾದ ಸಿಟ್ಟಿಗೆ ಗೂಟದಕ್ಕ ಅಂಗಡಿಯ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದು ಹೋದರು.

ಅಗಲ ಮುಗಿಯಿತು, ದಪ್ಪದ ಜಗಳ ಶುರುವಾಯಿತು. ಇದಕ್ಕೆ ಬಲಿಯಾದವನು ನಾನು. ಅಕ್ಕನಿಗೆ ದಿಂಬು ಕಾಗದದಷ್ಟು ತೆಳ್ಳಗಿರಬೇಕು. ತಮ್ಮನ ವಾದ, ಮುರಿದು ಕೂಡಿದ ಮೂಳೆಯ ಪೆಟ್ಟೆಲ್ಲ ಕುದುರೆಗೆ ತಿಳಿಯುತ್ತದೆ, ನೋವಿಲ್ಲದೆ ಕೂತರೆ ತಾನೆ ಕುದುರೆಗೂ ನೆಮ್ಮದಿ. ಹಾಕು ಎನ್ನುತ್ತಿದ್ದರು ಒಬ್ಬರು, ತೆಗಿ ಎನ್ನುತ್ತಿದ್ದರು ಇನ್ನೊಬ್ಬರು. ಅದೇ ಹಿಡಿ ಉಣ್ಣೆ ಅದೇ ದಿಂಬಿನೊಳಗೆ ಹೋಗಿ ಬಂದು, ಬಂದು ಹೋಗಿ, ಕೊನೆಗೆ ಅದಕ್ಕೇ ಬೇಸರವಾಗಿರಬೇಕು. ಹೊಸ ಜೀನಿನಲ್ಲಿ ಫೋಮು ಪೂರಾ ಹೋಯಿತು. ಮುಂದಿನ ಆನಿಕೆಗಳನ್ನು ಯಜಮಾನರು ಅರ್ಧಕ್ಕೆ ಚೆಕ್ಕಿದರು. ತೊಡೆಯ ಕೆಳಗೆ ತೆಳ್ಳಗೆ, ಹಿಂದೆ ಮೂಳೆ ಬರುವ ಕಡೆ ಮಾತ್ರ ಸ್ವಲ್ಪ ಮೆತ್ತೆ. ಇಬ್ಬರಿಗೂ ಸಮಾಧಾನವಿಲ್ಲ ಎಂಬುದನ್ನು ನೋಡಿ, ಸರಿಯಾಗಿರಬೇಕು ಎಂದು ನಾನು ಹೊಲಿಗೆಗೆ ಕೊಟ್ಟುಬಿಟ್ಟೆ.

ಸ್ಪರ್ಧೆಯ ದಿನ ಯಜಮಾನರು ಬರುವುದಿಲ್ಲ ಎಂದಿದ್ದರು. ಬಂದು, ಕುದುರೆ ಸಾಗಿಸುವ ಲಾರಿಯ ಹಿಂದೆ ನಿಂತರು. ಹೊಟ್ಟೆಪಟ್ಟಿಯ ಬಕಲ್ ನೋಡಬೇಕಿತ್ತು ಎಂದು ನನಗೆ ವಿವರಣೆ ಕೊಟ್ಟರು, ನಾನು ಕೇಳಿರಲಿಲ್ಲ. ಗಡಿಯಾರ ಒಳಗೆ ಬಂತು. ಬಲಕ್ಕೆ ಹೋಗುವುದು ಮೊದಲೇ ಚೆನ್ನಾಗಿತ್ತು, ಅದನ್ನು ಯಾರೂ ಉಸಿರು ಬಿಗಿಹಿಡಿದು ನೋಡಲಿಲ್ಲ. ಎಡಕ್ಕೆ ತಿರುಗಿತು. ಕುಕ್ಕುಲೋಟ. ಡಾಕ್ಟರಮ್ಮ ಕೈ ಕಟ್ಟಿದರು. ಲಾರಿಯ ಹಿಂದೆ ಯಜಮಾನರ ಗಂಟಲು ಸರಿಮಾಡಿಕೊಂಡ ಸದ್ದು. ಗೂಟದಕ್ಕನ ಸೊಂಟ ಒಮ್ಮೆ ಬಿಗಿಯಿತು, ಕುದುರೆಯ ಒಂದು ಕಿವಿ ಹಿಂದಕ್ಕೆ ವಾಲಿತು. ಏನೋ ಕೇಳಿಸಿಕೊಂಡಿತು. ತಲೆ ಎಸೆಯಲಿಲ್ಲ. ಕಿವಿ ಮತ್ತೆ ಮುಂದಕ್ಕೆ ಬಂತು, ಹೆಜ್ಜೆ ಹೆಸರಿಗೆ ತಕ್ಕಂತೆ ಬಿತ್ತು.

ಗೆಲ್ಲಲಿಲ್ಲ. ಬಹುಮಾನದ ಹತ್ತಿರವೂ ಸುಳಿಯಲಿಲ್ಲ. ಗೂಟದಕ್ಕನೇ ಒಂದು ಕಡೆ ತಿರುವು ತಪ್ಪಿದ್ದರು. ಆದರೆ ಡಾಕ್ಟರಮ್ಮ ಕೇಳಿದ್ದು ಗೆಲುವನ್ನಲ್ಲ. ಕುದುರೆಯ ಕುತ್ತಿಗೆ ತಟ್ಟಿ, ಇವನು ನಿಮ್ಮ ಹತ್ತಿರವೇ ಇರಲಿ ಎಂದು, ಹೆಚ್ಚು ಮಾತಾಡಿದೆನೇನೋ ಎಂಬಂತೆ ಹೊರಟುಹೋದರು.

ಗೂಟದಕ್ಕ ಇಳಿದರು. ಕಾಲು ಗಾಳಿಯಲ್ಲಿ ಮತ್ತೆ ಒಂದು ಕ್ಷಣ ನಿಂತಿತು. ಜೀನು ಮೂಳೆಯನ್ನೇನೂ ಹೊಸದು ಮಾಡುವುದಿಲ್ಲ. ಯಜಮಾನರು ಅವರ ಕಡೆ ನೋಡದೆ ನೇರ ಕುದುರೆಯ ಹತ್ತಿರ ಬಂದು, ಜೀನು ಎತ್ತಿ, ಬೆನ್ನಿನ ಬೆವರು ಎರಡು ಬದಿಗೂ ಸಮವಾಗಿದೆಯಾ ಎಂದು ಅಂಗೈಯಿಂದ ಸವರಿ ನೋಡಿದರು. ಸಮವಾಗಿತ್ತು.

“ಕುದುರೆಗೆ ಸರಿಹೋಗಿದೆ” ಎಂದರು ಗಾಳಿಗೆ.

“ಕುದುರೆ ನಿನಗೆ ಎದುರಾಡಲ್ಲ ಅಂತ ಧೈರ್ಯ” ಎಂದರು ಗೂಟದಕ್ಕ. “ಹಿಂದೆ ಉಣ್ಣೆ ಜಾಸ್ತಿಯಾಗಿದೆ.”

“ಅದಿಲ್ಲದಿದ್ದರೆ ನೀನು ಇವತ್ತು ಎಡಕ್ಕೆ ತಿರುಗ್ತಿರಲಿಲ್ಲ.”

“ತಿರುಗಿದ್ದು ನಾನು. ನಿನ್ನ ಉಣ್ಣೆ ಅಲ್ಲ.”

ಉಣ್ಣೆ ಎಂದಾಗ ಇಬ್ಬರೂ ಒಮ್ಮೆಲೇ ನನ್ನನ್ನು ನೋಡಿದರು. ಹೆಸರು ಕರೆದರೆಂದು ನಾನೂ ಮುಂದೆ ಹೋಗಿಬಿಟ್ಟಿದ್ದೆ. ಆಚೆ ಹೋಗು ಎಂದರು, ಇಬ್ಬರೂ.

ಈಗ ಅಂಗಡಿಯ ಗೋಡೆಯಲ್ಲಿ ಎರಡು ತಗಡುಗಳು ತೂಗುತ್ತವೆ, ಒಂದು ಹೊಸ ಅಳತೆಯದು. ಹಳೆಯದನ್ನು ಯಜಮಾನರು ಬಿಸಾಡಲು ಒಪ್ಪಲಿಲ್ಲ. ಸ್ಕೂಲ್ ಹುಡುಗಿಯರೂ ಸವಾರಿ ಮಾಡುತ್ತಾರೆ, ಅವರಿಗೆ ಇರಲಿ ಎಂದರು. ಹೊಸ ಜೀನು ಯಾವುದು ಮುಗಿದರೂ ಗೂಟದಕ್ಕ ಬಂದು ಮರದ ಕುದುರೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ನಾನೇನು ನಿನ್ನ ತಕ್ಕಡಿಯ ಕಲ್ಲಾ ಎಂದು ಬೈದುಕೊಂಡೇ ಹತ್ತುತ್ತಾರೆ. ಎಲ್ಲಿ ಒತ್ತುತ್ತೆ ಹೇಳು ಎಂದು ತಮ್ಮ ಕೇಳುತ್ತಾರೆ. ಎಲ್ಲ ಕಡೆ ಎಂದು ಅಕ್ಕ ಹೇಳುತ್ತಾರೆ. ಅಲ್ಲಿಂದ ಶುರುವಾದರೆ ಮಧ್ಯಾಹ್ನದ ಊಟದವರೆಗೆ, ಅಪ್ಪ, ಜಡೆ, ಸೋಫಾ, ಪೆದ್ದ, ಯಾವುದೂ ಬಿಟ್ಟುಹೋಗುವುದಿಲ್ಲ.

ಮೊದಲು ಒಬ್ಬರ ಬೈಗುಳ ಇನ್ನೊಬ್ಬರಿಗೆ ಮುಟ್ಟಲು ನನ್ನ ಬಾಯಿ ಬೇಕಿತ್ತು. ದಾರಿಯಲ್ಲಿ ಎರಡು ಮುಳ್ಳು ನಾನು ಕದ್ದು ಕಿತ್ತು ಹಾಕುವುದಿತ್ತು, ಅವರಿಗೂ ಉಸಿರು ತೆಗೆದುಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ಈಗ ನೇರ. ನನ್ನ ತಲೆಯ ಮೇಲಿಂದ ಆಚೆ ಈಚೆ ಹಾರಾಡುತ್ತದೆ. ನಾನು ನಡುವೆ ಕೂತು ದಿಂಬು ತುಂಬುತ್ತೇನೆ. ಒಂದು ಚೂರು ದಿಂಬಿಗೆ, ಒಂದು ಚೂರು ಎಡಗಿವಿಗೆ, ಒಂದು ಚೂರು ಬಲಗಿವಿಗೆ. ಗಂಟು ಬೀಳದಂತೆ, ಸಮವಾಗಿ.